ನನ್ನ ಹಿಂದೆ ಸಾಲಿನಲ್ಲಿದ್ದವರು

ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ನಾನು ಹಿಂದೆ ತಿರುಗಿ ನೋಡುವವಳಲ್ಲ. ಮೀಟರ್ ಸೊನ್ನೆಗೆ ಬಂತಾ ಅಂತ ನೋಡುತ್ತೇನೆ, ದುಡ್ಡು ಕೊಡುತ್ತೇನೆ, ಹೊರಡುತ್ತೇನೆ. ಆ ಸೋಮವಾರ ಸಂಜೆ ಮಾತ್ರ ಕನ್ನಡಿಯಲ್ಲಿ ಹಿಂದಿನ ಸಾಲು ಕಣ್ಣಿಗೆ ಬಿತ್ತು. ಎರಡು ದಿನ ಬಿಡದೆ ಸುರಿದ ಮಳೆ ಅಷ್ಟೊತ್ತಿಗೆ ನಿಂತಿತ್ತು. ಎಲ್ಲರೂ ಒಟ್ಟಿಗೆ ಹೊರಗೆ ಬಂದಿದ್ದರು ಅಂತ ಕಾಣುತ್ತದೆ, ಬಂಕಿನ ತುಂಬ ಗಾಡಿಗಳು. ನನ್ನ ಹಿಂದೆ ಒಂದು ಸ್ಕೂಟರ್, ಅದರ ಮುಂದುಗಡೆ ನಿಂತಿದ್ದ ಒಂದು ಪುಟ್ಟ ಮಗು. ಅದರ ಹಿಂದೆ ಬಿಳಿ ಕಾರು. ಆಚೆಗೆ ಇನ್ನಷ್ಟು ಬೈಕುಗಳು. ಪಕ್ಕದಲ್ಲಿ ಟ್ಯಾಂಕರ್ ಲೋಡ್ ಇಳಿಸಿ ಮುಗಿಸಿತ್ತು. ಕ್ಲೀನರ್ ದಪ್ಪ ಪೈಪನ್ನು ಬಿಚ್ಚಿ ಎತ್ತಿಡುತ್ತಿದ್ದ. ಆಗಷ್ಟೇ ಲೋಡ್ ಇಳಿದಿದೆ ಅನ್ನುವುದಕ್ಕೂ ನನ್ನ ಗಾಡಿಗೂ ಏನಾದರೂ ಸಂಬಂಧ ಇರಬಹುದು ಅಂತ ನನಗೆ ಆಗ ಹೊಳೆಯಲೇ ಇಲ್ಲ.

ಇದಾಗಿ ಎರಡು ವರ್ಷವಾಯಿತು. ಗಾಡಿ ಸರಿಹೋಯಿತು, ಖರ್ಚೂ ವಾಪಸ್ ಬಂತು. ಆದರೂ ಆ ಕನ್ನಡಿಯಲ್ಲಿ ಕಂಡ ಸಾಲು ಇವತ್ತಿಗೂ ನೆನಪಿಗೆ ಬರುತ್ತದೆ. ಅದನ್ನು ಒಮ್ಮೆ ಕೂತು ಪೂರ್ತಿ ಬರೆಯಬೇಕು ಅನ್ನಿಸಿ ಈ ಬರಹ.

ಅವತ್ತು ಅಮ್ಮ ಹಿಂದಿನ ಸೀಟಿನಲ್ಲಿದ್ದರು. ಕಣ್ಣಿನ ಪೊರೆ ಆಪರೇಷನ್ ಆಗಿ ವಾರವಾಗಿತ್ತು, ತೋರಿಸಿಕೊಂಡು ಬರುತ್ತಿದ್ದೆವು. ಟ್ಯಾಂಕ್ ತಳ ಹಿಡಿದಿತ್ತು, ಫುಲ್ ಮಾಡಿಸಿದೆ. ಬಂಕಿನಿಂದ ಹೊರಟು ಒಂದೂವರೆ ಕಿಲೋಮೀಟರ್ ಆಗಿರಬಹುದು, ಗಾಡಿ ಜರ್ಕ್ ಹೊಡೆಯಲು ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಪಿಕಪ್ ಇಲ್ಲ. ಒಳಗೆ ಯಾರೋ ಕೆಮ್ಮಿದ ಹಾಗೆ ಎಂಜಿನ್ ಎರಡು ಸಲ ಕೆಮ್ಮಿತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹಳದಿಯಾಗಿ ಮಿನುಗಿತು. ಹೇಗೋ ರಸ್ತೆ ಬದಿಗೆ ತಂದೆ, ಅಲ್ಲೇ ಆಫ್ ಆಯಿತು. "ಯಾಕಮ್ಮ ನಿಲ್ಲಿಸಿದೆ?" ಅಂತ ಅಮ್ಮ ಕೇಳಿದರು. ನಾನು ಸೆಲ್ಫ್ ಹೊಡೆದೆ. ಹತ್ತಲಿಲ್ಲ. ಮತ್ತೆ ಹೊಡೆದೆ. ಹತ್ತು ಹನ್ನೆರಡು ಸಲವಾದರೂ ಹೊಡೆದಿರಬೇಕು. ಒಮ್ಮೆ ಹತ್ತಿ, ಗಡಗಡ ಅಂದು, ಮತ್ತೆ ನಿಂತಿತು. ಆ ಹತ್ತು ಹನ್ನೆರಡು ಸಲವೂ ನಾನು ಟ್ಯಾಂಕಿನ ತಳದಲ್ಲಿದ್ದ ನೀರನ್ನು ಎಂಜಿನ್ ಕಡೆಗೆ ಎಳೆದು ತರುತ್ತಿದ್ದೆ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಬ್ಯಾಟರಿ ಕೇಳಬಹುದು, ಪ್ಲಗ್ ಕೇಳಬಹುದು ಅಂದುಕೊಂಡಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ: "ಪೆಟ್ರೋಲ್ ಯಾವಾಗ ಹಾಕಿಸಿದ್ರಿ ಮೇಡಂ?" ಈಗ ತಾನೇ ಅಂದೆ. "ಹಾಗಾದ್ರೆ ಇನ್ನು ಸೆಲ್ಫ್ ಹೊಡೀಬೇಡಿ. ಕೀ ತೆಗೆದುಬಿಡಿ. ಬಿಲ್ ಇದೆಯಾ?" ಬಿಲ್ ಇತ್ತು. ಅಮ್ಮನ ಔಷಧಿ ಚೀಟಿಯ ಜೊತೆ ಕೈಯಲ್ಲಿ ಮಡಚಿ ಇಟ್ಟುಕೊಂಡಿದ್ದೆ. ಬೇರೆ ದಿನವಾಗಿದ್ದರೆ ಬಿಲ್ ತೆಗೆದುಕೊಳ್ಳುತ್ತಲೇ ಇರಲಿಲ್ಲ.

ಬಾಟಲಿಯಲ್ಲಿ ಕಂಡ ಗೆರೆ

ಮಾರನೆಯ ದಿನ ಬೆಳಗ್ಗೆ ಗ್ಯಾರೇಜಿಗೆ ಹೋದೆ. ರಾತ್ರಿಯೇ ಗಾಡಿಯನ್ನು ಟೋ ಮಾಡಿಸಿ ತಂದಿದ್ದರು. ಸ್ಕ್ಯಾನರ್ ಹಾಕಿ ತೋರಿಸಿದರು, ಪಿ0300 ಅಂತ ಬಂತು. ಒಂದು ಸಿಲಿಂಡರ್ ಅಲ್ಲ, ಬೇರೆ ಬೇರೆ ಸಿಲಿಂಡರ್‌ಗಳು ಗೊತ್ತುಗುರಿಯಿಲ್ಲದೆ ಮಿಸ್ ಹೊಡೆಯುತ್ತಿವೆ, ಒಳಗೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಎಲ್ಲರನ್ನೂ ದೂರ ಕಳಿಸಿ, ಫ್ಯೂಯಲ್ ಲೈನ್ ಬಿಚ್ಚಿ, ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದರು. ಬೆಂಚಿನ ಮೇಲೆ ಇಟ್ಟು, "ಐದು ನಿಮಿಷ ಮುಟ್ಟಬೇಡಿ" ಅಂದರು.

ಐದು ನಿಮಿಷ ಬೇಕಾಗಲಿಲ್ಲ. ಮೊದಲು ಎಲ್ಲವೂ ಮಬ್ಬಾಗಿತ್ತು. ನೋಡುನೋಡುತ್ತಿದ್ದಂತೆ ಮೇಲಿನ ಭಾಗ ತಿಳಿಯಾಗುತ್ತ ಬಂತು, ಕೆಳಗೆ ಬೇರೆಯೇ ಒಂದು ಪದರ ನಿಂತಿತು. ಎರಡರ ನಡುವೆ ನೇರವಾದ ಒಂದು ಗೆರೆ. ಬಾಟಲಿ ಓರೆ ಮಾಡಿದರೆ ಗೆರೆಯೂ ನಿಧಾನಕ್ಕೆ ಓರೆಯಾಗುತ್ತಿತ್ತು, ಮುರಿಯುತ್ತಿರಲಿಲ್ಲ. ಬಾಟಲಿಯ ಅರ್ಧಕ್ಕಿಂತ ಜಾಸ್ತಿ ಆ ಕೆಳಗಿನ ಪದರವೇ ಇತ್ತು. ಪೆಟ್ರೋಲಿನ ತೂಕ ಲೀಟರಿಗೆ ಮುಕ್ಕಾಲು ಕೆಜಿ ಆಸುಪಾಸು, ನೀರಿನದು ಒಂದು ಕೆಜಿ. ಹಾಗಾಗಿ ನೀರು ಯಾವಾಗಲೂ ತಳಕ್ಕೆ ಹೋಗುತ್ತದೆ. ಕಾರಿನ ಟ್ಯಾಂಕಿನಲ್ಲಿ ಪಂಪ್ ಹೀರುವುದೂ ತಳದಿಂದಲೇ. ಅಂದರೆ ನಲವತ್ತು ಲೀಟರಿನಲ್ಲಿ ಒಂದು ಲೀಟರ್ ನೀರಿದ್ದರೆ, ಎಂಜಿನ್‌ಗೆ ಮೊದಲು ಹೋಗುವುದು ಆ ಒಂದು ಲೀಟರೇ. ಬಂಕಿನಿಂದ ಹೊರಟ ಕೂಡಲೇ ನಿಲ್ಲದೆ ಒಂದೂವರೆ ಕಿಲೋಮೀಟರ್ ಯಾಕೆ ಓಡಿತು ಅಂತಲೂ ಆಗ ಅರ್ಥವಾಯಿತು. ಪೈಪಿನಲ್ಲಿ, ಫಿಲ್ಟರಿನಲ್ಲಿ ಉಳಿದಿದ್ದ ಹಳೆ ಪೆಟ್ರೋಲ್ ಅಷ್ಟು ದೂರಕ್ಕೆ ಸಾಕಾಗಿತ್ತು.

ಆ ಬಾಟಲಿಯನ್ನು ನೋಡುತ್ತ ನನಗೆ ಅನ್ನಿಸಿದ್ದು ಒಂದೇ. ಇಷ್ಟು ವರ್ಷದಲ್ಲಿ ನಾನು ಕೊಂಡ ಪೆಟ್ರೋಲನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು. ತರಕಾರಿಯನ್ನು ತಿರುಗಿಸಿ ನೋಡುತ್ತೇವೆ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತೇವೆ, ಹಾಲಿನ ಪ್ಯಾಕೆಟ್ ಮೇಲೆ ತಾರೀಕು ನೋಡುತ್ತೇವೆ. ಪೆಟ್ರೋಲ್ ನೆಲದಡಿಯ ಟ್ಯಾಂಕಿನಿಂದ ಪೈಪಿಗೆ, ಪೈಪಿನಿಂದ ನಾಜಲ್‌ಗೆ, ನಾಜಲ್‌ನಿಂದ ನಮ್ಮ ಟ್ಯಾಂಕಿಗೆ ಹೋಗುತ್ತದೆ. ಒಂದು ಕ್ಷಣವೂ ಹೊರಗೆ ಕಾಣುವುದಿಲ್ಲ. ನಾವು ನೋಡುವುದು ಅಂಕಿಗಳನ್ನು ಮಾತ್ರ. ನಾಜಲ್ ಹಿಡಿದ ಹುಡುಗನಿಗೂ ಅಷ್ಟೇ ಕಾಣುವುದು. ಅವನ ಮೇಲೆ ಕೂಗಾಡುವವರನ್ನು ನೋಡಿದ್ದೇನೆ. ಅವನ ಕೈಯಲ್ಲಿ ಏನೂ ಇರುವುದಿಲ್ಲ.

ನೀರು ಎಲ್ಲಿಂದ ಬರುತ್ತದೆ

ಯಾರೋ ಬೇಕು ಅಂತಲೇ ಬೆರೆಸಿದ್ದಾರೆ ಅಂತ ನನಗೂ ಮೊದಲು ಅನ್ನಿಸಿತು. ಕಲಬೆರಕೆ ಅನ್ನುವ ಪದ ನಮ್ಮ ಬಾಯಿಗೆ ಅಷ್ಟು ಬೇಗ ಬರುತ್ತದೆ. ಲಾಭಕ್ಕಾಗಿ ಅಗ್ಗದ ಎಣ್ಣೆ, ಸಾಲ್ವೆಂಟ್ ಬೆರೆಸುವವರು ಇದ್ದಾರೆ, ನಿಜ. ಆದರೆ ನೀರು ಬೆರೆಸಿ ಲಾಭ ಮಾಡಿಕೊಳ್ಳುವುದು ಕಷ್ಟ. ಗಾಡಿ ಎರಡು ಕಿಲೋಮೀಟರಿನಲ್ಲಿ ನಿಂತು ಕಥೆ ಹೊರಗೆ ಬರುತ್ತದಲ್ವಾ? ನೀರು ಸಾಮಾನ್ಯವಾಗಿ ಅಜಾಗರೂಕತೆಯಿಂದ ಸೇರುತ್ತದೆ. ನೆಲದಡಿಯ ಟ್ಯಾಂಕಿಗೆ ಲೋಡ್ ಇಳಿಸುವ ಬಾಯಿ ನೆಲಮಟ್ಟದಲ್ಲಿ ಒಂದು ಗುಂಡಿಯಂಥ ಜಾಗದಲ್ಲಿರುತ್ತದೆ. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಮುಚ್ಚಳದ ರಬ್ಬರ್ ವಾಷರ್ ಹರಿದಿದ್ದರೆ, ಅಥವಾ ಲೋಡ್ ಇಳಿಸುವ ಮೊದಲು ಆ ನೀರನ್ನು ಎತ್ತಿ ಹಾಕದೆ ಮುಚ್ಚಳ ತೆಗೆದರೆ, ಅದು ಒಳಗೆ ಇಳಿಯುತ್ತದೆ. ಹಳೆ ಟ್ಯಾಂಕ್ ತುಕ್ಕು ಹಿಡಿದು ಸೋರಿದರೂ ಬರುತ್ತದೆ. ಟ್ಯಾಂಕ್ ಅರ್ಧ ಖಾಲಿಯಿದ್ದಾಗ ಒಳಗಿನ ಗಾಳಿಯ ತೇವ ತಂಪಿಗೆ ಹನಿಗಟ್ಟಿಯೂ ಸ್ವಲ್ಪ ಸ್ವಲ್ಪ ಸೇರುತ್ತದೆ.

ಇದೆಲ್ಲ ಬಂಕಿನವರಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಬಂಕಿನ ಟ್ಯಾಂಕಿನಲ್ಲಿ ಪಂಪ್ ಹೀರುವ ಬಾಯಿಯನ್ನು ತಳಕ್ಕಿಂತ ಕೆಲವು ಇಂಚು ಮೇಲೆ ಇಟ್ಟಿರುತ್ತಾರೆ. ತಳದಲ್ಲಿ ಒಂದಿಷ್ಟು ನೀರು, ಕೆಸರು ಕೂತರೂ ಅದು ಹಾಗೇ ಇರಲಿ ಅಂತ. ಟ್ಯಾಂಕರ್ ಬಂದು ಸಾವಿರಾರು ಲೀಟರ್ ಸುರಿದಾಗ ಆ ತಳ ಕಲಕಿಹೋಗುತ್ತದೆ. ಕೂತದ್ದೆಲ್ಲ ಮೇಲೇಳುತ್ತದೆ. ಮತ್ತೆ ತಳ ಸೇರಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿ ಸಾಲಿನಲ್ಲಿ ನಿಂತವರಿಗೆ ಅದೇ ಸಿಗುತ್ತದೆ. ನಾನು ಕಂಡ ಟ್ಯಾಂಕರಿಗೆ ಅರ್ಥ ಇದ್ದದ್ದು ಹೀಗೆ. ಈಗ ಟ್ಯಾಂಕರ್ ನಿಂತಿರುವ ಬಂಕ್ ಕಂಡರೆ ನಾನು ಮುಂದಿನ ಬಂಕಿಗೆ ಹೋಗುತ್ತೇನೆ.

ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಈ ಕಥೆಗೆ ಇನ್ನೊಂದು ತಿರುವಿದೆ. ಬರೀ ಪೆಟ್ರೋಲಿಗೂ ನೀರಿಗೂ ಆಗಿಬರುವುದಿಲ್ಲ, ಆದರೆ ಎಥನಾಲ್ ಎರಡರ ಜೊತೆಗೂ ಬೆರೆಯುತ್ತದೆ. ನೂರಕ್ಕೆ ಹತ್ತು ಭಾಗ ಎಥನಾಲ್ ಇರುವ ಪೆಟ್ರೋಲ್ 15 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ನೂರು ಲೀಟರಿಗೆ ಅರ್ಧ ಲೀಟರಿನಷ್ಟು ನೀರನ್ನು ತನ್ನೊಳಗೇ ಇಟ್ಟುಕೊಳ್ಳಬಲ್ಲದು. ಅಷ್ಟರವರೆಗೆ ಏನೂ ಗೊತ್ತಾಗುವುದಿಲ್ಲ, ಗಾಡಿಯೂ ಓಡುತ್ತದೆ. ಆ ಮಿತಿ ದಾಟಿದ ಕೂಡಲೇ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಕೆಳಗೆ ನೀರು ಮತ್ತು ಎಥನಾಲ್, ಮೇಲೆ ಎಥನಾಲ್ ಕಳೆದುಕೊಂಡ ಪೆಟ್ರೋಲ್. ಆಕ್ಟೇನ್, ಅಂದರೆ ಎಂಜಿನ್ ಒಳಗೆ ಹೊತ್ತಿಗೆ ಮೊದಲೇ ತಾನಾಗಿ ಹೊತ್ತಿಕೊಳ್ಳದಿರುವ ಗುಣ, ಹೆಚ್ಚಿಸುತ್ತಿದ್ದದ್ದೇ ಎಥನಾಲ್ ಆದ್ದರಿಂದ ಮೇಲಿನ ಪೆಟ್ರೋಲ್ ಕೂಡ ಮೊದಲಿನಂತೆ ಇರುವುದಿಲ್ಲ. ತಂಪಾದಷ್ಟೂ ಈ ಮಿತಿ ಇಳಿಯುತ್ತದೆ. ಹಗಲು ಸರಿಯಿದ್ದ ಪೆಟ್ರೋಲ್ ರಾತ್ರಿಯ ಚಳಿಗೆ ಬೇರೆಯಾಗಬಹುದು. ಎಥನಾಲ್ ಪ್ರಮಾಣ ಹೆಚ್ಚಿದ್ದರೆ ತಡೆದುಕೊಳ್ಳುವ ನೀರೂ ಹೆಚ್ಚು. ಆದರೆ ಬೇರೆಯಾದಾಗ ತಳಕ್ಕೆ ಇಳಿಯುವ ಪದರವೂ ಅಷ್ಟೇ ದಪ್ಪ. ನನ್ನ ಬಾಟಲಿಯಲ್ಲಿ ಕೆಳಗಿದ್ದದ್ದು ಬರೀ ನೀರಲ್ಲ, ಇದು.

ಡೀಸೆಲ್ ಗಾಡಿಯಾಗಿದ್ದರೆ ನಾನು ಇಷ್ಟು ಸುಲಭದಲ್ಲಿ ಪಾರಾಗುತ್ತಿರಲಿಲ್ಲ ಅಂತ ಮೆಕ್ಯಾನಿಕ್ ಹೇಳಿದರು. ಈಗಿನ ಡೀಸೆಲ್ ಎಂಜಿನ್‌ಗಳಲ್ಲಿ ಡೀಸೆಲ್ಲನ್ನು ಒಳಗೆ ಚಿಮ್ಮಿಸುವ ಇಂಜೆಕ್ಟರ್‌ಗೆ ಹೋಗುವ ಒತ್ತಡ 2000 ಬಾರ್ ಮುಟ್ಟುತ್ತದೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಎರಡು ಸಾವಿರ ಪಟ್ಟು. ಒಳಗಿನ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್, ನಮ್ಮ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಆ ಭಾಗಗಳಿಗೆ ಜಾರುವ ಗುಣ ಕೊಡುವುದು ಡೀಸೆಲ್ಲೇ. ಅಲ್ಲಿ ನೀರು ಬಂದರೆ ಲೋಹ ಲೋಹವನ್ನು ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ, ಬಿಸಿಗೆ ನೀರು ಆವಿಯಾಗಿ ಇಂಜೆಕ್ಟರಿನ ತುದಿಯನ್ನೇ ಒಡೆಯಬಹುದು. ಅದಕ್ಕೇ ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಬೇರೆಯಾಗಿ ಕೂರುವ ಜಾಗ, ಅದನ್ನು ಬಿಡಲು ಒಂದು ತಿರುಪು ಇರುತ್ತದೆ. ಫಿಲ್ಟರಿನಲ್ಲಿ ನೀರಿದೆ ಅನ್ನುವ ದೀಪ ಬಂದರೆ ಮನೆವರೆಗೆ ಹೋಗಿಬಿಡೋಣ ಅಂತ ಓಡಿಸಬಾರದು. ಡೀಸೆಲ್ಲೂ ನೀರೂ ಸೇರುವ ಜಾಗದಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಕೂಡ ಬೆಳೆಯುತ್ತವೆ, ಫಿಲ್ಟರಿನಲ್ಲಿ ಕಪ್ಪು ಲೋಳೆಯಾಗಿ ಕಟ್ಟಿಕೊಳ್ಳುತ್ತವೆ. ಇನ್ನು ಡೀಸೆಲ್ ಗಾಡಿಗೆ ಪೆಟ್ರೋಲ್ ಬಿದ್ದಿದೆ ಅಂತ ಬಂಕಿನಲ್ಲೇ ಗೊತ್ತಾದರೆ ಕೀ ತಿರುಗಿಸಲೂಬಾರದು. ಕೀ ಆನ್ ಮಾಡಿದರೆ ಸಾಕು, ಬಹಳ ಗಾಡಿಗಳಲ್ಲಿ ಟ್ಯಾಂಕಿನೊಳಗಿನ ಪಂಪ್ ಕೆಲಸ ಶುರು ಮಾಡುತ್ತದೆ. ತಳ್ಳಿಸಿ ಪಕ್ಕಕ್ಕೆ ನಿಲ್ಲಿಸಬೇಕು.

ಸಾಕ್ಷಿ ಉರಿದುಹೋಗುತ್ತದೆ

ರಾತ್ರಿ ರಸ್ತೆ ಬದಿಯಲ್ಲಿ ನಿಂತಿದ್ದಾಗ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟಿದ್ದರು. ಬೇರೆ ಬಂಕಿನಿಂದ ಕ್ಯಾನಿನಲ್ಲಿ ಐದು ಲೀಟರ್ ಒಳ್ಳೆ ಪೆಟ್ರೋಲ್ ತಂದು ಹಾಕಿ, ಹೇಗೋ ಓಡಿಸಿಬಿಡಿ ಅಂತ. ಟ್ಯಾಂಕ್ ತುಂಬಿತ್ತು, ಜಾಗವಿರಲಿಲ್ಲ, ಅದರಿಂದ ಉಳಿದುಕೊಂಡೆ. ಹಾಗೆ ಮಾಡಿದ್ದರೆ ತಳದ ನೀರು ಎಲ್ಲೂ ಹೋಗುತ್ತಿರಲಿಲ್ಲ. ಎರಡು ಬಂಕಿನ ಪೆಟ್ರೋಲ್ ಬೆರೆತು, ಇದು ಯಾರ ನೀರು ಅಂತ ಹೇಳುವುದೇ ಆಗುತ್ತಿರಲಿಲ್ಲ. ಕೆಟ್ಟ ಇಂಧನದ ದೊಡ್ಡ ತೊಂದರೆ ನನಗೆ ಇದೇ ಅನ್ನಿಸುತ್ತದೆ. ಅದಕ್ಕೆ ಇರುವ ಒಂದೇ ಸಾಕ್ಷಿ ಆ ಇಂಧನ. ಗಾಡಿ ಓಡಿದಷ್ಟೂ ಅದು ಉರಿದುಹೋಗುತ್ತದೆ. ಗ್ಯಾರೇಜಿನಲ್ಲಿ ಖಾಲಿ ಮಾಡಿ ಸುರಿದುಬಿಟ್ಟರೆ ಅದೂ ಮುಗಿಯಿತು.

ನಮ್ಮ ಮೆಕ್ಯಾನಿಕ್ ಈ ವಿಷಯದಲ್ಲಿ ಬಹಳ ಅಚ್ಚುಕಟ್ಟು. ಫ್ಯೂಯಲ್ ಲೈನ್ ಬಿಚ್ಚುವುದರಿಂದ ಬಾಟಲಿಯಲ್ಲಿ ಗೆರೆ ನಿಲ್ಲುವವರೆಗೆ ನಡುವೆ ನಿಲ್ಲಿಸದೆ ವಿಡಿಯೋ ಮಾಡಿಸಿದರು, ನಂಬರ್ ಪ್ಲೇಟ್ ಕಾಣುವ ಹಾಗೆ. ತೊಳೆದು ಒಣಗಿಸಿದ ಮೂರು ಗಾಜಿನ ಬಾಟಲಿಗಳಲ್ಲಿ ಹಿಡಿದರು, ಕತ್ತಿನವರೆಗೆ ತುಂಬಿಸಲಿಲ್ಲ. ಬಿಸಿಗೆ ಹಿಗ್ಗಲು ಜಾಗ ಬೇಕಂತೆ. ಒಂದು ನನಗೆ, ಒಂದು ಬಂಕಿನವರಿಗೆ, ಒಂದು ಗ್ಯಾರೇಜಿನಲ್ಲೇ. ಪ್ರತಿಯೊಂದರ ಮೇಲೂ ತಾರೀಕು, ಹೊತ್ತು, ಗಾಡಿ ನಂಬರ್, ಇಬ್ಬರ ಸಹಿ. ಮುಚ್ಚಳಕ್ಕೆ ಟೇಪ್ ಸುತ್ತಿ ಅದರ ಮೇಲೂ ಸಹಿ. ಬಾಟಲಿಯನ್ನು ಮನೆಯೊಳಗೆ ಇಡಬೇಡಿ, ಬೆಂಕಿಯ ಹತ್ತಿರ ಅಂತೂ ಬೇಡವೇ ಬೇಡ ಅಂತ ಎರಡೆರಡು ಸಲ ಹೇಳಿದರು. ತೆಗೆದ ಹಳೆ ಫಿಲ್ಟರ್, ಪ್ಲಗ್‌ಗಳನ್ನು ಬಿಸಾಡದೆ ಕವರಿನಲ್ಲಿ ಹಾಕಿ ಕೊಟ್ಟರು. ಬಿಲ್ಲಿನಲ್ಲಿ ಸುಮ್ನೆ 'ಟ್ಯಾಂಕ್ ಕ್ಲೀನಿಂಗ್' ಅಂತ ಬರೆಯದೆ, 'ಟ್ಯಾಂಕಿನ ತಳದಲ್ಲಿ ನೀರಿನ ಪದರ ಕಂಡಿತು, ಅದರಿಂದ ಎಂಜಿನ್ ನಿಂತಿದೆ' ಅಂತ ಬರೆದರು. ಆ ಒಂದು ವಾಕ್ಯ ಇಲ್ಲದಿದ್ದರೆ ಆ ಬಿಲ್ ಬರೀ ಖರ್ಚಿನ ಲೆಕ್ಕ ಆಗುತ್ತಿತ್ತು. ಟ್ಯಾಂಕಿನಿಂದ ತೆಗೆದ ಇಂಧನವನ್ನು ಏನು ಮಾಡುತ್ತೀರಿ ಅಂತ ಕೇಳಿದೆ. ಡ್ರಮ್ಮಿನಲ್ಲಿ ಹಾಕಿ, ಕೆಟ್ಟ ಆಯಿಲ್ ಒಯ್ಯುವವರಿಗೆ ಕೊಡುತ್ತೇವೆ ಅಂದರು. ಚರಂಡಿಗೆ ಸುರಿಯುವವರೂ ಇದ್ದಾರೆ. ಹಾಗೆ ಸುರಿದದ್ದು ಯಾರದೋ ಬಾವಿ ಸೇರುತ್ತದೆ.

ಪೇಸ್ಟ್ ಬಣ್ಣ ಬದಲಾಗಲಿಲ್ಲ

ಅದೇ ಮಂಗಳವಾರ ಬೆಳಗ್ಗೆ, ಹತ್ತೂವರೆ ಹೊತ್ತಿಗೆ, ಬಾಟಲಿ ಮತ್ತು ಬಿಲ್ ಹಿಡಿದು ಬಂಕಿಗೆ ಹೋದೆ. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಮ್ಯಾನೇಜರ್ ಕೂರಿಸಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಎದ್ದು, ಟ್ಯಾಂಕಿಗೆ ಇಳಿಸಿ ಮಟ್ಟ ನೋಡುವ ಡಿಪ್ ಕಡ್ಡಿ ತಂದರು. ಅದರ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಬಳಿದರು. ನೀರು ತಾಗಿದರೆ ಅದು ಬಣ್ಣ ಬದಲಾಯಿಸುತ್ತದೆ. ಟ್ಯಾಂಕಿನ ಬಾಯಿ ತೆಗೆದು ಕಡ್ಡಿ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲೆತ್ತಿ ನನ್ನ ಮುಂದೆ ಹಿಡಿದರು. ಪೇಸ್ಟ್ ಬಣ್ಣ ಬದಲಾಗಿರಲಿಲ್ಲ. "ನೋಡಿ ಮೇಡಂ, ನೀರಿಲ್ಲ" ಅಂದರು. ಆ ಮುಖದಲ್ಲಿ ಮೋಸ ಇರಲಿಲ್ಲ. ಅವರು ನಂಬಿದ್ದನ್ನೇ ಹೇಳಿದರು.

ಅವರ ಕಡ್ಡಿಯೂ ಸುಳ್ಳಲ್ಲ, ನನ್ನ ಬಾಟಲಿಯೂ ಸುಳ್ಳಲ್ಲ. ಇದು ಹೇಗೆ ಅಂತ ಅವತ್ತು ನನಗೆ ಗೊತ್ತಾಗಲಿಲ್ಲ. ಹಳೆ ಬಗೆಯ ಪೇಸ್ಟ್‌ಗಳು ಬರೀ ನೀರಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಎಥನಾಲ್ ಬೆರೆತ ನೀರಿನ ಪದರಕ್ಕೆ ಅವು ಸರಿಯಾಗಿ ಬಣ್ಣ ತೋರಿಸದೇ ಇರಬಹುದು. ಟ್ಯಾಂಕಿನೊಳಗೆ ನೀರಿನ ಮಟ್ಟ ಅಳೆಯಲು ಇರುವ ತೇಲುಬುರುಡೆಯೂ ಬರೀ ನೀರಿನ ತೂಕಕ್ಕೆ ಹೊಂದಿಸಿದ್ದು. ಎಥನಾಲ್ ಸೇರಿ ಹಗುರಾದ ಪದರದಲ್ಲಿ ಅದು ತೇಲದೆ ಮುಳುಗಿಯೇ ಉಳಿಯಬಹುದು. ಇಂಥ ಪೆಟ್ರೋಲಿಗೆ ಅಂತಲೇ ಬೇರೆ ಪೇಸ್ಟ್ ಇದೆ. ಆ ಬಂಕಿನಲ್ಲಿ ಅದು ಇರಲಿಲ್ಲ.

ಆಮೇಲೆ ಮ್ಯಾನೇಜರ್ ಹೇಳಿದರು: "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಮೇಡಂ. ಆದ್ರೂ ನಿಮಗೆ ತೊಂದರೆ ಆಗಿದೆ. ಗ್ಯಾರೇಜ್ ಖರ್ಚು ನಾವು ಕೊಡ್ತೀವಿ. ಬರೆದು ಕೊಡೋದೆಲ್ಲ ಬೇಡ." ನನ್ನ ಜಗಳ ಅಲ್ಲೇ ಇಳಿಯಿತು. ಅಮ್ಮನ ಕಣ್ಣಿಗೆ ಎರಡು ಗಂಟೆಗೊಮ್ಮೆ ಹನಿ ಹಾಕಬೇಕಿತ್ತು, ಆಫೀಸಿಗೆ ರಜೆ ಹೇಳಿದ್ದೆ, ರಾತ್ರಿ ನಿದ್ದೆ ಇರಲಿಲ್ಲ. ಬರೆದು ಕೊಟ್ಟು, ಓಡಾಡಿ, ಲ್ಯಾಬ್ ವರದಿ ತರಿಸಿ, ಯಾವಾಗ ಮುಗಿಯುವುದೋ. ಖರ್ಚು ಬಂದರೆ ಸಾಕು ಅನ್ನಿಸಿತು. ಸರಿ ಅಂದೆ. ನಾನು ಎದ್ದು ಹೊರಗೆ ಬಂದಾಗ ಅದೇ ಪಂಪಿನ ಮುಂದೆ ನಾಲ್ಕೈದು ಗಾಡಿ ನಿಂತಿದ್ದವು. ನಾಜಲ್ ಹಿಡಿದ ಹುಡುಗ ಒಂದು ಬೈಕಿಗೆ ಹಾಕುತ್ತಿದ್ದ. ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ನಾನು ಅವರನ್ನು ದಾಟಿ ಬಂದೆ. ಆ ಪಂಪನ್ನು ಸದ್ಯಕ್ಕೆ ನಿಲ್ಲಿಸಿ ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಒಬ್ಬರಿಗೆ ಆದಾಗ, ಹತ್ತೊಂಬತ್ತಕ್ಕೆ ಆದಾಗ

ಆಮೇಲೆ ಇಂಥ ಸುದ್ದಿಗಳನ್ನು ಹುಡುಕಿ ಓದಲು ಶುರು ಮಾಡಿದೆ. 2007ರ ಫೆಬ್ರುವರಿ ಕೊನೆಯಲ್ಲಿ ಇಂಗ್ಲೆಂಡಿನ ಆಗ್ನೇಯ ಭಾಗದಲ್ಲಿ ಸಾವಿರಾರು ಕಾರುಗಳು ಇದ್ದಕ್ಕಿದ್ದಂತೆ ಕುಂಟತೊಡಗಿದವು. ಬಹಳಷ್ಟು ಗ್ಯಾರೇಜಿಗೆ ಬಂದದ್ದು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹಾಳಾಗಿದೆ ಅಂತ. ಸೆನ್ಸರ್ ಹಾಳಾಗುವುದು ಹೊಸದೇನಲ್ಲ. ಒಬ್ಬೊಬ್ಬರೂ ತಮ್ಮ ಗಾಡಿಯದೇ ತೊಂದರೆ ಅಂದುಕೊಳ್ಳಬಹುದಿತ್ತು. ಮೊದಲು ಮಾಡಿದ ಪರೀಕ್ಷೆಗಳಲ್ಲಿ ಪೆಟ್ರೋಲ್ ಸರಿಯಾಗಿಯೇ ಇದೆ ಅಂತ ಬಂತು. ಕೊನೆಗೆ ಸಿಕ್ಕಿದ್ದು ಸಿಲಿಕಾನ್. ಮಾಮೂಲಿ ಪರೀಕ್ಷೆಯಲ್ಲಿ ಯಾರೂ ಅದನ್ನು ಹುಡುಕುತ್ತಿರಲಿಲ್ಲ. ಅಷ್ಟು ಜನ ಒಂದೇ ಸಮಯಕ್ಕೆ ಒಂದೇ ದೂರು ಹೇಳದೇ ಇದ್ದಿದ್ದರೆ ಮತ್ತೊಮ್ಮೆ ಹುಡುಕುವ ಯೋಚನೆಯೇ ಬರುತ್ತಿರಲಿಲ್ಲ. ಅದನ್ನು ಓದುವಾಗ ನನಗೆ ಬಣ್ಣ ಬದಲಾಗದ ಆ ಪೇಸ್ಟ್ ನೆನಪಾಯಿತು.

2023ರ ಆಗಸ್ಟಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಡಾಲಿಯಾ ಚಂಡಮಾರುತ ಬರಲಿತ್ತು. ಜನ ಮನೆ ಬಿಟ್ಟು ಹೊರಡಲು ಟ್ಯಾಂಕ್ ತುಂಬಿಸಿಕೊಳ್ಳುವ ಹೊತ್ತು. ಬಂದರಿನ ಒಂದು ದಾಸ್ತಾನು ಕೇಂದ್ರದಿಂದ ಹೋದ ಪೆಟ್ರೋಲಿನಲ್ಲಿ ಡೀಸೆಲ್ ಬೆರೆತಿತ್ತು. ಸರ್ಕಾರವೇ ಎಚ್ಚರಿಕೆ ಕೊಟ್ಟು, ಯಾವ ಯಾವ ಬಂಕುಗಳಿಗೆ ಅದು ಹೋಗಿರಬಹುದು ಅನ್ನುವ ಪಟ್ಟಿಯನ್ನು ಹೊರಗೆ ಹಾಕಿತು. ನನಗೆ ಮುಖ್ಯ ಅನ್ನಿಸಿದ್ದು ಆ ಪಟ್ಟಿ. ಈಗಾಗಲೇ ಹಾಕಿಸಿಕೊಂಡವರಿಗೆ, ಇನ್ನೂ ಗೊತ್ತಾಗದವರಿಗೆ, ನಿಮ್ಮ ಟ್ಯಾಂಕಿನಲ್ಲಿ ಹೀಗಿರಬಹುದು ಅಂತ ಯಾರೋ ಹೇಳಿದರು.

2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಂ ಬಳಿ ಮುಖ್ಯಮಂತ್ರಿಯವರ ಕಾರ್ಯಕ್ರಮಕ್ಕೆ ಹೊರಟಿದ್ದ 19 ವಾಹನಗಳು ಡೀಸೆಲ್ ಹಾಕಿಸಿಕೊಂಡ ಸ್ವಲ್ಪ ದೂರಕ್ಕೇ ಒಂದಾದ ಮೇಲೊಂದು ನಿಂತವು. ಡೀಸೆಲ್‌ನಲ್ಲಿ ನೀರಿತ್ತು. ರಾತ್ರೋರಾತ್ರಿ ಅಧಿಕಾರಿಗಳು ಬಂದರು, ಬಂಕಿಗೆ ಬೀಗ ಬಿತ್ತು. ಹಾಗೆ ಬೀಗ ಬಿದ್ದದ್ದು ಸರಿಯೇ. ಆದರೆ 19 ಗಾಡಿ ಒಟ್ಟಿಗೆ ನಿಂತರೆ ಬಿಲ್ ಎಲ್ಲಿ, ಬಾಟಲಿ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಒಂದೇ ಗಾಡಿ ನಿಂತರೆ 'ನಿಮ್ಮ ಗಾಡಿ ಹಳೇದು' ಅನ್ನುವ ಮಾತು ಬರುತ್ತದೆ. ಅದೇ ನೀರು, ಅದೇ ನಷ್ಟ. ಒಬ್ಬೊಬ್ಬರಾಗಿ ಬೇರೆ ಬೇರೆ ರಸ್ತೆಯಲ್ಲಿ, ಬೇರೆ ಬೇರೆ ಗ್ಯಾರೇಜಿನ ಮುಂದೆ ನಿಂತ ನಾವು ಒಬ್ಬರಿಗೊಬ್ಬರು ಕಾಣುವುದಿಲ್ಲ.

ಗ್ಯಾರೇಜಿನಲ್ಲಿ ಸಿಕ್ಕವನು

ಬುಧವಾರ ಗಾಡಿ ತರಲು ಹೋದೆ. ಟ್ಯಾಂಕ್ ಇಳಿಸಿ ಒಣಗಿಸಿ, ಲೈನ್ ತೊಳೆದು, ಫಿಲ್ಟರ್ ಮತ್ತು ಪ್ಲಗ್ ಹೊಸದು ಹಾಕಿ, ಇಂಜೆಕ್ಟರ್ ಕ್ಲೀನ್ ಮಾಡಿದ್ದರು. ಎಂಜಿನ್ ಸದ್ದು ಮೊದಲಿನಂತೆ ನಯವಾಗಿತ್ತು. ಪಕ್ಕದಲ್ಲಿ ಒಂದು ಬೈಕಿನ ಟ್ಯಾಂಕ್ ಬಿಚ್ಚಿ ತಲೆಕೆಳಗಾಗಿ ಇಟ್ಟಿದ್ದರು. ಅದರ ಹುಡುಗ ಬಾಗಿಲ ಹತ್ತಿರ ಕೂತಿದ್ದ, ತೊಡೆಯ ಮೇಲೆ ಪಾರ್ಸೆಲ್ ಹಾಕಿಕೊಳ್ಳುವ ದೊಡ್ಡ ಚೀಲ. ಮನೆಮನೆಗೆ ಸಾಮಾನು ಮುಟ್ಟಿಸುವ ಕೆಲಸ. ಬೆಂಚಿನ ಮೇಲೆ ಇನ್ನೊಂದು ಬಾಟಲಿ ಇತ್ತು. ಅದರಲ್ಲೂ ಅದೇ ಗೆರೆ.

ಎಲ್ಲಿ ಹಾಕಿಸಿದ್ದು ಅಂತ ಕೇಳಿದೆ. ಅದೇ ಬಂಕ್. ಯಾವಾಗ? "ನಿನ್ನೆ ಮಧ್ಯಾಹ್ನ ಮೇಡಂ. ಹನ್ನೆರಡು, ಹನ್ನೆರಡೂವರೆ." ನಾನು ಅಲ್ಲಿಂದ ಬಾಟಲಿ ಹಿಡಿದು ಹೊರಗೆ ಬಂದು ಎರಡು ಗಂಟೆಯೂ ಆಗಿರಲಿಲ್ಲ. ಅವನಿಗೆ ಎರಡು ದಿನದ ಕೆಲಸ ಹೋಗಿತ್ತು. ಬಿಲ್ ಇದೆಯಾ ಅಂತ ಮೆಕ್ಯಾನಿಕ್ ನನ್ನನ್ನು ಕೇಳಿದ ಹಾಗೇ ನಾನು ಅವನನ್ನು ಕೇಳಿದೆ. "ನಾಲ್ಕು ಲೀಟರಿಗೆ ಯಾರು ಮೇಡಂ ಬಿಲ್ ತಗೋತಾರೆ?" ಅಂದ. ಬಂಕಿಗೆ ಹೋಗಿ ಕೇಳಲಿಲ್ಲವಾ ಅಂದೆ. ಹೋಗಿದ್ದನಂತೆ. ಬಿಲ್ ಇಲ್ಲದೆ ಏನು ಮಾಡೋಕಾಗುತ್ತೆ ಅಂತ ಅಲ್ಲಿದ್ದ ಯಾರೋ ಹೇಳಿ ಕಳಿಸಿದ್ದರು.

ನಾನು ಅವನಿಗೆ ಎಲ್ಲ ಹೇಳಿದೆ. ಸೋಮವಾರ ಸಂಜೆಯದು, ಮಂಗಳವಾರ ಬೆಳಗ್ಗೆಯದು, ಖರ್ಚು ವಾಪಸ್ ಕೊಡುತ್ತೇವೆ ಅಂದದ್ದು, ನಾನು ಸರಿ ಅಂದದ್ದು. ಅವನು ಏನೂ ಅನ್ನಲಿಲ್ಲ. "ಓ" ಅಂದ ಅಷ್ಟೇ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಇಬ್ಬರೂ ಸೇರಿ ಬಂಕಿಗೆ ಹೋದೆವು. ಈ ಸಲ ಎರಡು ಗಾಡಿ, ಬೇರೆ ಬೇರೆ ದಿನದ ಎರಡು ಬಾಟಲಿ, ಒಂದು ಬಿಲ್, ಅವನ ಫೋನಿನಲ್ಲಿ ಆ ಹೊತ್ತಿಗೆ ದುಡ್ಡು ಕಳಿಸಿದ್ದರ ದಾಖಲೆ. ಬಿಲ್ ಇಲ್ಲ ಅಂದುಕೊಂಡಿದ್ದ ಅವನಿಗೆ ಅದು ಇದ್ದೇ ಇತ್ತು. ದೂರನ್ನು ಎರಡು ಪ್ರತಿ ಬರೆದೆ. ಒಂದರ ಮೇಲೆ ಬಂಕಿನ ಸೀಲ್, ತಾರೀಕು ಹಾಕಿಸಿಕೊಂಡು ನಾವು ಇಟ್ಟುಕೊಂಡೆವು. ಪಂಪ್ ನಿಲ್ಲಿಸಿ, ಮಿಕ್ಕದ್ದು ಆಮೇಲೆ ಮಾತಾಡೋಣ ಅಂದೆ. ಮ್ಯಾನೇಜರ್ ಎರಡು ಬಾಟಲಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡರ ಗೆರೆಯನ್ನೂ ನೋಡಿದ ಮೇಲೆ ಅವರು ವಾದ ಮಾಡಲಿಲ್ಲ. ಮೇಲಿನವರಿಗೆ ಫೋನ್ ಮಾಡಿದರು. ನಾಜಲ್ ಹಿಡಿಯುವ ಹುಡುಗನನ್ನು ಕರೆದು ಪಂಪಿಗೆ ಹಗ್ಗ ಕಟ್ಟಿಸಿದರು.

ಸಂಜೆಯ ಹೊತ್ತಿಗೆ ಬೇರೆ ಪೇಸ್ಟ್ ಹಿಡಿದುಕೊಂಡು ಒಬ್ಬರು ಬಂದರು. ಕಡ್ಡಿ ಇಳಿಸಿ ಎತ್ತಿದಾಗ ತುದಿಯಿಂದ ನಾಲ್ಕು ಬೆರಳಷ್ಟು ಮೇಲಿನವರೆಗೆ ಬಣ್ಣ ಬದಲಾಗಿತ್ತು. ಮ್ಯಾನೇಜರ್ ಆ ಕಡ್ಡಿಯನ್ನೇ ನೋಡುತ್ತ ನಿಂತುಬಿಟ್ಟರು. ಟ್ಯಾಂಕಿನ ಬಾಯಿಯ ವಾಷರ್ ಹರಿದಿತ್ತು. ಮೂರು ದಿನದಲ್ಲಿ ಎರಡು ಸಲ ಲೋಡ್ ಇಳಿದಿತ್ತು, ಸೋಮವಾರ ಸಂಜೆ ಮತ್ತು ಮಂಗಳವಾರ ಬೆಳಗ್ಗೆ ಹನ್ನೊಂದೂವರೆಗೆ. ಎರಡು ಸಲವೂ ತಳ ಕಲಕಿದೆ, ಆ ಹೊತ್ತಿನಲ್ಲಿ ಬಂದವರಿಗೆ ಅದು ಹೋಗಿದೆ, ಮತ್ತೆ ಕೂತಿದೆ. ನಡುವೆ ಹಾಕಿಸಿದ ಬಹಳ ಜನಕ್ಕೆ ಏನೂ ಆಗಿರಲಿಕ್ಕಿಲ್ಲ.

ಹಾಗಾದರೆ ಆ ಎರಡು ಹೊತ್ತಿನಲ್ಲಿ ಎಷ್ಟು ಜನಕ್ಕೆ ಹೋಗಿರಬಹುದು ಅಂತ ಬೈಕಿನ ಹುಡುಗ ಕೇಳಿದ. ಮ್ಯಾನೇಜರ್ ಮೀಟರ್ ಬರೆದಿಡುವ ಪುಸ್ತಕ ತೆಗೆದರು. ಸೋಮವಾರ ಸಂಜೆಯ ಓದು, ರಾತ್ರಿ ಶಿಫ್ಟ್ ಬದಲಾದಾಗಿನ ಓದು, ಮಂಗಳವಾರದ್ದು. ಬೆರಳಿಟ್ಟು ಕಳೆದರು. ಎಂಟುನೂರು ಲೀಟರಿಗೂ ಜಾಸ್ತಿ ಬಂತು. ಅದರಲ್ಲಿ ನನ್ನದು ಮೂವತ್ತೆಂಟು. ಅವನದು ನಾಲ್ಕು. ಮಿಕ್ಕದ್ದು ಯಾರದು ಅಂತ ಆ ಪುಸ್ತಕದಲ್ಲಿ ಇರಲಿಲ್ಲ, ಇರುವುದೂ ಇಲ್ಲ. "ಬೈಕಿಗೆ ನಾಲ್ಕು ಲೀಟರ್ ಅಂದ್ರೂ..." ಅಂತ ಹುಡುಗ ಲೆಕ್ಕ ಶುರು ಮಾಡಿದ. ಅರ್ಧಕ್ಕೆ ನಿಲ್ಲಿಸಿ, ಹಗ್ಗ ಕಟ್ಟಿದ ಪಂಪಿನ ಕಡೆ ನೋಡಿದ. ನನಗೆ ಸ್ಕೂಟರ್ ಮುಂದೆ ನಿಂತಿದ್ದ ಆ ಮಗು ನೆನಪಾಯಿತು. ಅವರ ಮನೆ ಎಷ್ಟು ದೂರವಿತ್ತೋ.